ಕರಿಬೇವು ಪ್ರೈವೇಟ್ ಲಿಮಿಟೆಡ್

ಬೆಂಗಳೂರಿನ ಪ್ರತಿ ಮನೆಯಲ್ಲೂ 'ಅವತ್ತು ಇನ್ಫೋಸಿಸ್ ಷೇರು ತಗೊಂಡಿದ್ದರೆ...' ಅಂತ ನಿಟ್ಟುಸಿರು ಬಿಡುವ ಗಂಡಸೊಬ್ಬ ಇದ್ದೇ ಇರುತ್ತಾನೆ. ನಿಮ್ಮ ಮನೆಯಲ್ಲಿ ಇಲ್ಲ ಅಂದರೆ ನಿಮ್ಮ ಯಜಮಾನರು ಆ ವಿಷಯ ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ. ನಮ್ಮ ಮನೆಯಲ್ಲಿ ಮುಚ್ಚಿಡುವ ಸೌಲಭ್ಯವಿಲ್ಲ. ನೆಂಟರು ಬಂದರೆ ಕಾಫಿಗೆ ಮೊದಲು ನೀರು, ನೀರಿಗೆ ಮೊದಲು ಇದೇ ವಿಷಯ.

1993ರಲ್ಲಿ ಇನ್ಫೋಸಿಸ್ ಸಾರ್ವಜನಿಕರಿಗೆ ಷೇರು ಮಾರಲು ಹೊರಟಾಗ ಒಂದರ ಬೆಲೆ 95 ರೂಪಾಯಿ. ಈಗ ಎಲ್ಲರೂ ಕೈಕೈ ಹಿಸುಕಿಕೊಳ್ಳುತ್ತಾರೆ. ಆವತ್ತು ಕೇಳುವವರೇ ಇರಲಿಲ್ಲ. ಷೇರು ಪೂರ್ತಿ ಖರ್ಚಾಗದೆ, ಕೊನೆಗೆ ಮಾರ್ಗನ್ ಸ್ಟ್ಯಾನ್ಲಿಯವರು ದೊಡ್ಡ ಪಾಲು ಎತ್ತಿಕೊಂಡು ಮಾನ ಉಳಿಸಿದರು. ಹಿಂದಿನ ವರ್ಷವಷ್ಟೇ ಹರ್ಷದ್ ಮೆಹ್ತಾ ಹಗರಣ ಬಯಲಾಗಿತ್ತು. ಷೇರು ಅಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ನಾನಂತೂ ಬ್ಯಾಂಕಿನವನು. ಉಳಿದವರದು ಬರೀ ಭಯ, ನನ್ನದು ಶಾಸ್ತ್ರೋಕ್ತವಾದ ಭಯ. ಭಾವಮೈದ ಅರ್ಜಿ ಫಾರಂ ತಂದು ಮುಂದಿಟ್ಟ. ನೂರು ಷೇರಿಗೆ ಒಂಬತ್ತೂವರೆ ಸಾವಿರ. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಕಾರ್ಖಾನೆ ಎಲ್ಲಿದೆ? ಚಿಮಣಿ ಎಲ್ಲಿದೆ? ಗೋಡೌನಲ್ಲಿ ಮಾಲು ಏನಿದೆ? ನಾಳೆ ಮುಳುಗಿದರೆ ಏನನ್ನು ಹರಾಜು ಹಾಕುತ್ತಾರೆ?" ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ನನ್ನ ಜೀವಮಾನದಲ್ಲಿ ಆ ಮನೆಯಲ್ಲಿ ನಾನು ಗೆದ್ದ ಒಂದೇ ವಾದ ಅದು. ಫಾರಂನ ಹಿಂಬದಿ ನುಣುಪಾಗಿತ್ತು, ನಮ್ಮವಳು ಅದರ ಮೇಲೆ ಹಾಲಿನ ಲೆಕ್ಕ ಬರೆದಳು.

ದುಡ್ಡನ್ನು ಸುಮ್ಮನೆ ಇಡಲಾದೀತೇ? ಕಣ್ಣಿಗೆ ಕಾಣುವ ಮಾಲು ಬೇಕು ಅಂತ ತೇಗದ ಗಿಡದ ಸ್ಕೀಮಿಗೆ ಹಾಕಿದೆ. ಆಗ ಅಂಥವು ಬೀದಿಗೊಂದು ಇದ್ದವು. ಇವತ್ತು ಒಂದು ಸಸಿ, ಇಪ್ಪತ್ತು ವರ್ಷಕ್ಕೆ ಲಕ್ಷಾಂತರ ರೂಪಾಯಿಯ ಮರ. ಹಸಿರು ಅಂಚಿನ ಸರ್ಟಿಫಿಕೇಟು ಬಂತು. ಹೊಸ ವರ್ಷಕ್ಕೆ ನನ್ನ ಗಿಡದ ಫೋಟೋ ಇರುವ ಕಾರ್ಡು ಬಂತು. ಮರುವರ್ಷವೂ ಬಂತು, ಗಿಡ ಮಾತ್ರ ಒಂದು ಎಲೆಯಷ್ಟೂ ಬೆಳೆದಿರಲಿಲ್ಲ; ಅದೇ ಫೋಟೋ. ಆಮೇಲೆ ಕಾರ್ಡೂ ನಿಂತಿತು. ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಬ್ಯೂಟಿ ಪಾರ್ಲರ್ ನಡೆಯುತ್ತಿತ್ತು. ನಮ್ಮವಳು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾಳೆ. ಫ್ರೇಮು ಅಸಲಿ ತೇಗದ್ದು.

ಇನ್ನೊಂದು ಕಡೆಯ ಲೆಕ್ಕ ಅವಳ ನಾಲಿಗೆ ತುದಿಯಲ್ಲಿದೆ. ಹದಿಮೂರರ ಮಗ್ಗಿ ಹೇಳಲು ತಡವರಿಸುವ ಹೆಂಗಸು ಇದನ್ನು ಮಾತ್ರ ಗಡಗಡ ಒಪ್ಪಿಸುತ್ತಾಳೆ: 1994ರಲ್ಲಿ ಒಂದಕ್ಕೊಂದು ಬೋನಸ್, 97ರಲ್ಲಿ ಮತ್ತೆ, 99ರಲ್ಲಿ ಮತ್ತೆ, 2000ದಲ್ಲಿ ಒಂದು ಷೇರು ಒಡೆದು ಎರಡು, 2004ರಲ್ಲಿ ಒಂದಕ್ಕೆ ಮೂರು, 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಅವತ್ತಿನ ನೂರು ಷೇರು ಮಾರದೆ ಇಟ್ಟುಕೊಂಡಿದ್ದವರ ಬಳಿ ಈಗ 1,02,400 ಷೇರು. ಇಷ್ಟು ಹೇಳಿ ಅವಳು ರೂಪಾಯಿಗೆ ಗುಣಿಸುವುದಿಲ್ಲ. ಗುಣಿಸುವ ಕೆಲಸ ನೆಂಟರಿಗೆ ಬಿಡುತ್ತಾಳೆ. ಅವರು ಮೊಬೈಲ್ ತೆಗೆದು ಗುಣಿಸಿ, ನನ್ನ ಮುಖ ನೋಡಿ, ಮೊಬೈಲನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ನನ್ನ ಪರವಾಗಿ ಸಾಕ್ಷಿ ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ, ರೊನಾಲ್ಡ್ ವೇಯ್ನ್ ಅಂತ. 1976ರ ಏಪ್ರಿಲ್ 1ರಂದು ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್ ಜೊತೆ ಆಪಲ್ ಕಂಪನಿಯ ಕರಾರಿಗೆ ರುಜು ಹಾಕಿದ ಮೂರನೆಯ ಆಸಾಮಿ. ಕರಾರು ಬರೆದದ್ದೂ ಅವರೇ, ಸೇಬಿನ ಮರದ ಕೆಳಗೆ ನ್ಯೂಟನ್ ಕೂತಿರುವ ಮೊದಲ ಲಾಂಛನ ಬಿಡಿಸಿದ್ದೂ ಅವರೇ. ಪಾಲು ಶೇಕಡಾ 10. ಹನ್ನೆರಡು ದಿನಕ್ಕೆ ಹೊರಗೆ ಬಂದರು, ಪಾಲಿಗೆ ಸಿಕ್ಕಿದ್ದು 800 ಡಾಲರ್. ಯಾಕೆ ಬಂದರು ಅಂತ ಕೇಳಿದರೆ ನಿಮಗೂ ಕಣ್ಣು ತುಂಬುತ್ತದೆ. ಪಾಲುದಾರಿಕೆಯ ಸಾಲಕ್ಕೆ ಮೂವರೂ ಹೊಣೆ. ಆದರೆ ಆ ಇಬ್ಬರು ಹುಡುಗರ ಹತ್ತಿರ ಜಪ್ತಿ ಮಾಡಲು ಏನೂ ಇರಲಿಲ್ಲ. ಸಾಲ ಕೊಟ್ಟವನು ಬಾಗಿಲು ತಟ್ಟಿದರೆ ಸಿಗುವ ಆಸ್ತಿ ಇದ್ದದ್ದು ಇವರೊಬ್ಬರದೇ. ಹುಡುಗರಿಗೆ ಧೈರ್ಯವಿತ್ತು ಅನ್ನುತ್ತಾರೆ. ಕಳೆದುಕೊಳ್ಳಲು ಏನೂ ಇಲ್ಲದವನ ಧೈರ್ಯಕ್ಕೆ ನಮ್ಮ ಬ್ಯಾಂಕಿನಲ್ಲಿ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಈ ಮಹಾನುಭಾವರ ಫೋಟೋ ಸಿಕ್ಕರೆ ದೇವರ ಮನೆಯಲ್ಲಿ ಇಡೋಣ ಅಂದೆ.

"ಅವರಿಗೆ ಎಂಟುನೂರು ಡಾಲರ್ ಆದರೂ ಬಂತು. ನಿಮಗೇನು ಬಂತು?" ಅಂದಳು.

ತಂತ್ರಜ್ಞಾನದ ಕಂಪನಿಗಳಲ್ಲಿ ನಾನು ದುಡ್ಡೇ ಹಾಕಿಲ್ಲ ಅಂತ ಯಾರೂ ತಿಳಿಯಬಾರದು. ಮಹಾರಾಷ್ಟ್ರದ ಅಮಳನೇರ್‌ನಲ್ಲಿ 1945ರಲ್ಲಿ ವನಸ್ಪತಿ ಮಾಡಲು ಶುರುವಾದ ಕಂಪನಿ ವಿಪ್ರೋ. 1966ರಲ್ಲಿ ತಂದೆ ತೀರಿಕೊಂಡಾಗ ಅಜೀಂ ಪ್ರೇಮ್‌ಜಿ 21ರ ಹುಡುಗ, ಸ್ಟ್ಯಾನ್‌ಫರ್ಡ್‌ನ ಓದು ಅರ್ಧಕ್ಕೆ ಬಿಟ್ಟು ಬಂದು ಗದ್ದುಗೆ ಹತ್ತಿದರು. ಎಂಬತ್ತರ ದಶಕ ಬರುವ ಹೊತ್ತಿಗೆ ಎಣ್ಣೆ, ಸೋಪಿನ ಜೊತೆಗೆ ಕಂಪ್ಯೂಟರಿಗೂ ಕೈ ಹಾಕಿದರು. ಎಂಥ ಎದೆಗಾರಿಕೆ! ಅಮಳನೇರ್‌ನಲ್ಲಿ ಆ ಷೇರನ್ನು ಪೆಟ್ಟಿಗೆಯಲ್ಲಿಟ್ಟು ಮರೆತ ಜನ ಕೋಟ್ಯಧಿಪತಿಗಳಾದರು. ನಾನೂ ವಿಪ್ರೋಗೆ ವರ್ಷಾನುಗಟ್ಟಲೆ ದುಡ್ಡು ಸುರಿದಿದ್ದೇನೆ, ಎಲ್ಲವೂ ಸಂತೂರ್ ಸೋಪಿನ ರೂಪದಲ್ಲಿ. ಬಚ್ಚಲಲ್ಲಿ ಕರಗಿಹೋಯಿತು.

ಈ ಉದ್ಯಮದಲ್ಲಿ ಭಯಕ್ಕೂ ಬೆಲೆ ಇದೆ ಅಂತ ನನಗೆ ಗೊತ್ತಾದದ್ದು 1999ರಲ್ಲಿ. ವೈಟುಕೆ! ಹಳೆಯ ಕಂಪ್ಯೂಟರುಗಳಲ್ಲಿ ಜಾಗ ಉಳಿಸಲು ಇಸವಿಯ ಕೊನೆಯ ಎರಡೇ ಅಂಕಿ ಬರೆದಿದ್ದರು. 99 ಮುಗಿದು 00 ಬಂದರೆ ಯಂತ್ರ ಅದನ್ನು 1900 ಅಂದುಕೊಂಡರೆ ಗತಿ ಏನು? ವಿಮಾನ ಬೀಳುತ್ತದೆ, ಬ್ಯಾಂಕು ಮುಳುಗುತ್ತದೆ, ಕರೆಂಟು ಹೋಗುತ್ತದೆ ಅಂತ ಅಮೆರಿಕದವರು ಹೆದರಿ ನಡುಗಿದರು. ಆ ನಡುಕದಿಂದ ನಮ್ಮ ಹುಡುಗರು ವಿಮಾನ ಹತ್ತಿ, ಹಳೆಯ ಕೋಬಾಲ್ ಪ್ರೋಗ್ರಾಮುಗಳ ಸಾಲುಸಾಲು ತಿದ್ದಿ, ಬೆಂಗಳೂರಿನಲ್ಲಿ ಸೈಟು ಕೊಂಡರು. ನಾನು ಅಮೆರಿಕದವರಷ್ಟೇ ಹೆದರಿದೆ. ಸೈಟೇನೂ ಬರಲಿಲ್ಲ.

ಡಿಸೆಂಬರ್ 31ರ ರಾತ್ರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗದವರೆಲ್ಲ ಡ್ಯೂಟಿ ಮೇಲಿದ್ದರು. ನಾನೂ ಬರುತ್ತೇನೆ ಅಂದೆ. "ದಯವಿಟ್ಟು ಬರಬೇಡಿ ಸಾರ್" ಅಂದರು. ಸರಿ, ಬ್ಯಾಂಕನ್ನು ಅವರು ಕಾಯಲಿ, ಮನೆಯನ್ನು ನಾನು ಕಾಯುತ್ತೇನೆ ಅಂತ ಡ್ರಮ್ಮು, ಕೊಳಗ, ಪೂಜೆಯ ತಂಬಿಗೆಯವರೆಗೆ ನೀರು ತುಂಬಿಸಿದೆ. ಹನ್ನೆರಡಕ್ಕೆ ಇನ್ನು ಐದು ನಿಮಿಷ ಅನ್ನುವಾಗ ನನ್ನ ತಲೆಗೆ ಒಂದು ಮಿಂಚು ಹೊಡೆಯಿತು: ಕರೆಂಟು ಏರುಪೇರಾದರೆ ಟೀವಿ, ಫ್ರಿಜ್ಜು, ಮಿಕ್ಸಿ ಎಲ್ಲ ಸುಟ್ಟುಹೋಗುತ್ತದಲ್ಲ! ಸ್ಟೂಲು ಹತ್ತಿ ಮೇನ್ ಆಫ್ ಮಾಡಿದೆ. ಅಷ್ಟಕ್ಕೇ ಸುಮ್ಮನಿರದೆ ಪಿಂಗಾಣಿ ಫ್ಯೂಸನ್ನೂ ಕಿತ್ತೆ. ಕತ್ತಲೆಯಲ್ಲಿ ಅದು ಕೈಜಾರಿ ಮೊಸಾಯಿಕ್ ನೆಲದ ಮೇಲೆ ಬಿದ್ದು ಎರಡು ಹೋಳಾಯಿತು.

ಹನ್ನೆರಡು ಹೊಡೆಯಿತು. ಗಿರಿನಗರದ ಎಲ್ಲ ಮನೆಗಳಲ್ಲೂ ದೀಪ ಝಗಝಗ. ಪಟಾಕಿ, ಹ್ಯಾಪಿ ನ್ಯೂ ಇಯರ್. ಬೀದಿಯಲ್ಲಿ ಕತ್ತಲಾಗಿದ್ದದ್ದು ನಮ್ಮ ಮನೆ ಒಂದೇ. ಐದು ನಿಮಿಷದಲ್ಲಿ ಸುದ್ದಿ ಹರಡಿತು: "ವೈಟುಕೆ ಅವರ ಮನೆಗೆ ಬಂದಿದೆಯಂತೆ!" ಎದುರು ಮನೆಯವರು ಮೇಣದಬತ್ತಿ ಹಿಡಿದು ಬಂದರು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಗೌರವದಿಂದ ಕೇಳಿದ, "ಅಂಕಲ್, ನಿಮ್ಮ ಮನೆಯಲ್ಲಿ ಯಾವ ಸಿಸ್ಟಮ್ ಇತ್ತು?" ನಾನು ಗಂಭೀರವಾಗಿ, "ಹಳೇದು" ಅಂದೆ. ಆ ಗೌರವ ಬೆಳಗಿನವರೆಗೂ ಉಳಿಯುತ್ತಿತ್ತೇನೋ. ಆದರೆ ನಮ್ಮವಳು ಒಡೆದ ಫ್ಯೂಸನ್ನು ಬೀದಿಯವರಿಗೆಲ್ಲ ಕೈಯಲ್ಲಿ ಹಿಡಿದು ತೋರಿಸಿದಳು. ತುಂಬಿಸಿಟ್ಟ ನೀರಲ್ಲಿ ವಾರಗಟ್ಟಲೆ ಬಟ್ಟೆ ಒಗೆದೆವು.

ಇನ್ನು ಹತ್ತು ಸಾವಿರದ ಕಥೆ. ಇದು ಕರ್ನಾಟಕದ ಯಾವ ದಂಪತಿಗಳ ನಡುವೆ ಬಂದಿಲ್ಲ ಹೇಳಿ? 1981ರಲ್ಲಿ ನಾರಾಯಣ ಮೂರ್ತಿಯವರು ಪುಣೆಯಲ್ಲಿ ಕಂಪನಿ ಶುರುಮಾಡುವಾಗ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಹತ್ತು ಸಾವಿರ ಕೊಟ್ಟರು. ಮೂರ್ತಿಯವರ ಹಿಂದಿನ ಸಾಫ್ಟ್ರಾನಿಕ್ಸ್ ಎಂಬ ಪ್ರಯತ್ನ ಆಗಲೇ ಕೈಕೊಟ್ಟಿತ್ತು. ಟೆಲಿಫೋನ್ ಸಂಪರ್ಕಕ್ಕೂ ಕಂಪ್ಯೂಟರ್ ತರಿಸುವ ಲೈಸೆನ್ಸಿಗೂ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಅಂಥದರಲ್ಲೂ ಆ ಹೆಣ್ಣುಮಗಳು ಗಂಡನನ್ನು ನಂಬಿ ಕೊಟ್ಟರಲ್ಲ! ತಮ್ಮ ಬಳಿ 10,250 ಇತ್ತು, ಆಪತ್ತಿಗಿರಲಿ ಅಂತ 250 ಉಳಿಸಿಕೊಂಡು ಮಿಕ್ಕದ್ದನ್ನು ಕೊಟ್ಟೆ ಅಂತ ಅವರೇ ಹೇಳಿಕೊಂಡಿದ್ದಾರೆ.

ನನಗೂ ನಾರಾಯಣ ಮೂರ್ತಿಗೂ ಇರುವ ವ್ಯತ್ಯಾಸ ಈ ಹತ್ತು ಸಾವಿರವೊಂದೇ ಅಂತ ನಾನು ಬಹಳ ಕಾಲ ಸಾಧಿಸುತ್ತಿದ್ದೆ. "ಕೊಡುವವರಿದ್ದರೆ ಯಾರು ಬೇಕಾದರೂ ಕಂಪನಿ ಕಟ್ಟುತ್ತಾರೆ" ಅಂತ ತಟ್ಟೆಯ ಮುಂದೆ ಕೂತು ಗೊಣಗುತ್ತಿದ್ದೆ. ನಮ್ಮವಳು ಹುಳಿ ಬಡಿಸುತ್ತಾ, "ನಾನಾಗಿದ್ದರೆ ನಿಮಗೆ 250 ಕೊಟ್ಟು ಹತ್ತು ಸಾವಿರ ಉಳಿಸಿಕೊಳ್ಳುತ್ತಿದ್ದೆ" ಅಂದಳು.

ಆದರೂ ಕೊಟ್ಟಳು, ಅದೇ ಆಶ್ಚರ್ಯ. ವೈಟುಕೆ ರಾತ್ರಿ ನಾನು ಅನುಭವಿಸಿದ ಅವಮಾನ ನೋಡಿ ಮನಸ್ಸು ಕರಗಿರಬೇಕು. ಆಗ ಡಾಟ್‌ಕಾಮ್ ಹುಚ್ಚು ಏರಿತ್ತು. 1999ರ ಕೊನೆಯಲ್ಲಿ ಸತ್ಯಂ ಇನ್ಫೋವೇ ಕಂಪನಿ ಇಂಡಿಯಾವರ್ಲ್ಡ್ ಅನ್ನುವ ಜಾಲತಾಣಗಳ ಗುಂಪನ್ನು 499 ಕೋಟಿ ರೂಪಾಯಿಗೆ ಕೊಂಡಿತ್ತು. ಸುದ್ದಿಗೊಂದು, ಕ್ರಿಕೆಟಿಗೊಂದು, ಅಡುಗೆಗೊಂದು ಹೆಸರು, ಅಷ್ಟೇ! ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹೆಸರಿಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು? ಒಳ್ಳೊಳ್ಳೆಯ ಕನ್ನಡ ಹೆಸರುಗಳನ್ನು ನೋಂದಾಯಿಸಿಟ್ಟರೆ ನಾಳೆ ಕಂಪನಿಗಳು ಕೋಟಿ ಕೊಟ್ಟು ಕೊಳ್ಳುತ್ತವೆ. ಒಬ್ಬಟ್ಟಿನ ಹೆಸರಲ್ಲೊಂದು ತೆಗೆದೆ, ಹುರಿಹಿಟ್ಟಿನ ಹೆಸರಲ್ಲೊಂದು, ಮಾವನವರು ಬೇಸರ ಮಾಡಿಕೊಳ್ಳಬಾರದೆಂದು ಅವರ ಊರಿನ ಹೆಸರಲ್ಲೊಂದು.

ನ್ಯಾಸ್‌ಡ್ಯಾಕ್ ಸೂಚ್ಯಂಕ 5,000 ದಾಟಿ ನೆತ್ತಿಗೇರಿದ್ದು 2000ದ ಮಾರ್ಚಿನಲ್ಲಿ. ಅಲ್ಲಿಂದ ಅದು ಉರುಳಿದ್ದು ಪಾತಾಳಕ್ಕೆ. ನನ್ನ ನೋಂದಣಿ ಎಲ್ಲ ಮುಗಿದು ನಾನು ನಿರಾಳವಾಗಿ ಕೂತದ್ದು ಏಪ್ರಿಲ್‌ನಲ್ಲಿ. ಹೆಣ್ಣು ನೋಡಲು ಬರುವವರಿಗೆ ಕಾಯುವ ಮನೆಯವರಂತೆ ಫೋನಿನ ಪಕ್ಕ ಕಾದೆ. ಫೋನು ಬರುವುದಾದರೂ ಹೇಗೆ? ಇಂಟರ್ನೆಟ್ಟಿಗೂ ಅದೇ ಲೈನು. ಕಿರ್ರ್ ಕುಯ್ಯ್ ಅಂತ ಮೋಡೆಮ್ ಕಿರುಚಿಸಿ, ಯಾರಾದರೂ ಈಮೇಲ್ ಹಾಕಿದ್ದಾರಾ ಅಂತ ನಾನು ಗಂಟೆಗಟ್ಟಲೆ ನೋಡುತ್ತಿದ್ದರೆ ಊರಿನಿಂದ ಫೋನ್ ಮಾಡಿದವರಿಗೆಲ್ಲ ಎಂಗೇಜು. ನಾದಿನಿಗೆ ಗಂಡುಮಗು ಹುಟ್ಟಿದ್ದು ನಮಗೆ ಪೋಸ್ಟ್ ಕಾರ್ಡಿನಲ್ಲಿ ತಿಳಿಯಿತು. ಆ ಕಾರ್ಡಿನಲ್ಲಿ ನನ್ನ ಬಗ್ಗೆ ನಮ್ಮತ್ತೆ ಬರೆದದ್ದನ್ನು ನಮ್ಮವಳು ಇನ್ನೂ ಜೋಪಾನವಾಗಿಟ್ಟಿದ್ದಾಳೆ.

ಕೊನೆಗೂ ಒಂದು ಕರೆ ಬಂತು. ಗಂಡಸಿನ ದನಿ. "ಒಬ್ಬಟ್ಟಿನ ಹೆಸರಿನವರು ನೀವೇನಾ?" ನನ್ನ ಎದೆ ಡವಗುಟ್ಟಿತು. ಅತಿಯಾಸೆ ಬೇಡ, ಒಂದು ಕೋಟಿಯಿಂದ ಶುರುಮಾಡೋಣ ಅಂದುಕೊಂಡು, "ಹೌದು ಹೇಳಿ, ಎಷ್ಟಕ್ಕೆ ನೋಡುತ್ತಿದ್ದೀರಿ?" ಅಂದೆ.

"ಇನ್ನೂರು. ಕಾಯೊಬ್ಬಟ್ಟು ನೂರು, ಬೇಳೆ ಒಬ್ಬಟ್ಟು ನೂರು. ಭಾನುವಾರ ಗೃಹಪ್ರವೇಶ."

ನಾನು ಫೋನಿಡುವವನಿದ್ದೆ. ನಮ್ಮವಳು ಕಿತ್ತುಕೊಂಡು ರೇಟು ಹೇಳಿದಳು, ಅಡ್ವಾನ್ಸ್ ಕೇಳಿದಳು. ಶನಿವಾರ ರಾತ್ರಿಯೆಲ್ಲ ಅವಳೂ ನಮ್ಮತ್ತೆಯೂ ತಟ್ಟಿದರು, ನಾನು ಹೂರಣ ರುಬ್ಬಿದೆ. ನನ್ನ ಡಾಟ್‌ಕಾಮ್ ಸಾಮ್ರಾಜ್ಯಕ್ಕೆ ಬಂದ ಆದಾಯ ಅಷ್ಟೇ, ಅದೂ ಅವಳ ಡಬ್ಬಿಗೆ ಹೋಯಿತು. ಬಾಕಿ ಹೋದ ದುಡ್ಡಿಗೆ ಅವಳು ಒಂದು ಮಾತೂ ಆಡಲಿಲ್ಲ. ನಾನೇ ತಡೆಯಲಾರದೆ ಕೇಳಿದೆ. "ಕೊಟ್ಟಾಗಲೇ ಹೋಯಿತು ಅಂದುಕೊಂಡಿದ್ದೆ, ಈಗ ಹೊಸದಾಗಿ ಏನು ಹೋಗಿದೆ?" ಅಂದಳು. ಕ್ಯಾಲಿಫೋರ್ನಿಯಾದ ಮಹಾ ಮಹಾ ಹೂಡಿಕೆದಾರರು ಇದೇ ಸೂತ್ರದ ಮೇಲೆ ಬದುಕುತ್ತಾರಂತೆ: ಹತ್ತರಲ್ಲಿ ಬಹುಪಾಲು ಮುಳುಗಿಯೇ ತೀರುತ್ತದೆ ಅಂತ ಲೆಕ್ಕ ಹಾಕಿಯೇ ಕೊಡುವುದು. ಅವರಿಗೆ ಉಳಿದ ಒಂದೆರಡರಲ್ಲಿ ನಷ್ಟವೆಲ್ಲ ತುಂಬಿ ಬರುತ್ತದೆ. ಪಾಪ, ಇವಳ ಬಳಿ ಇರುವುದು ನಾನೊಬ್ಬನೇ.

ರಕ್ತ ಎಲ್ಲಿಗೆ ಹೋಗುತ್ತದೆ? 2021ರಲ್ಲಿ, ವಾರಕ್ಕೊಂದು ಸ್ಟಾರ್ಟಪ್ಪಿಗೆ ಕೋಟಿಗಟ್ಟಲೆ ಸುರಿಯುತ್ತಿದ್ದ ಹೊತ್ತಿನಲ್ಲಿ, ಮಗರಾಯ ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದ. ಊಟದ ಮೇಜೇ ಬೋರ್ಡ್ ರೂಂ ಆಯಿತು. ಫ್ಲಿಪ್‌ಕಾರ್ಟ್ ನೋಡಿ ಅಂದ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಅಮೆಜಾನ್ ಕೆಲಸ ಬಿಟ್ಟು ತಲಾ ಎರಡು ಲಕ್ಷ ಹಾಕಿ ಕೋರಮಂಗಲದ ಮನೆಯೊಂದರಿಂದ ಪುಸ್ತಕ ಮಾರಲು ಕೂತವರು. 2018ರಲ್ಲಿ ವಾಲ್‌ಮಾರ್ಟ್ ಅದರ ಶೇಕಡಾ 77 ಪಾಲಿಗೆ 16 ಬಿಲಿಯನ್ ಡಾಲರ್ ಕೊಟ್ಟಿತು. ಇನ್ಫೋಸಿಸ್ ನೋಡಿ ಅಂದ. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪನಿ ಕೇಳಲು ಬಂದಿದ್ದರು, ಪಾಲುದಾರರು ಮಾರಿಬಿಡೋಣ ಅಂತ ವಾಲಿದಾಗ ಮೂರ್ತಿಯವರು 'ಹಾಗಾದರೆ ನಿಮ್ಮೆಲ್ಲರ ಪಾಲು ನಾನೇ ಕೊಳ್ಳುತ್ತೇನೆ' ಎಂದದ್ದಕ್ಕೇ ಇವತ್ತು ಅದು ಉಳಿದಿರುವುದು. ಇನ್ಫೋಸಿಸ್ ಎಂದ ಕೂಡಲೇ ನಮ್ಮವಳು ಗೋಡೆಯ ಮೇಲಿನ ತೇಗದ ಫ್ರೇಮಿನ ಕಡೆ ನೋಡಿದಳು. ನನಗೆ ವಾದ ಮುಂದುವರಿಸಲು ಆಗಲಿಲ್ಲ.

ಅವನ ಐಡಿಯಾ ಕರಿಬೇವು. ಒಗ್ಗರಣೆಗೆ ಎಣ್ಣೆ ಕಾದ ಮೇಲೇ ಗೃಹಿಣಿಗೆ ಕರಿಬೇವು ಇಲ್ಲ ಅಂತ ಗೊತ್ತಾಗುವುದು. ಆ ಸಂಕಟದ ಗಳಿಗೆಯಲ್ಲಿ ಆಪ್ ಒತ್ತಿದರೆ, ಹತ್ತಿರದ ಯಾರದೋ ಹಿತ್ತಿಲ ಗಿಡದಿಂದ ಎಂಟು ನಿಮಿಷದಲ್ಲಿ ಎರಡು ಎಸಳು ಮನೆ ಬಾಗಿಲಿಗೆ. ಗಿಡ ಇದ್ದವರಿಗೆ ಕಟ್ಟಿಗೆ ಐದು ರೂಪಾಯಿ. ಮೊದಲ ಆರ್ಡರ್ ಗಿರಾಕಿಗೆ ಉಚಿತ. ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಬಣ್ಣಬಣ್ಣದ ಗೆರೆ ತೋರಿಸಿದ. ಎಲ್ಲ ಗೆರೆಗಳೂ ಬಲಗಡೆ ಮೇಲಕ್ಕೆ ಹೋಗುತ್ತಿದ್ದವು.

"ಪಕ್ಕದ ಮನೆಯವರನ್ನು ಕೇಳಿದರೆ ಪುಕ್ಕಟೆ ಕೊಡ್ತಾರಲ್ಲೋ?" ಅಂದಳು ನಮ್ಮವಳು.

"ಅಮ್ಮಾ, ಅದನ್ನೇ ಡಿಸ್ರಪ್ಟ್ ಮಾಡ್ತಿರೋದು."

ಪ್ರತಿ ಆರ್ಡರಿಗೂ ಮೂವತ್ತು ರೂಪಾಯಿ ಕೈಬಿಡುತ್ತದೆ, ಆದರೆ ಆರ್ಡರ್ ಹೆಚ್ಚಾದ ಮೇಲೆ ಸರಿಹೋಗುತ್ತದೆ ಅಂದ. ಹೆಚ್ಚಾದರೆ ಮೂವತ್ತುಗಳೂ ಹೆಚ್ಚಾಗುತ್ತವಲ್ಲ ಅಂತ ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು, "ಅಪ್ಪಾ, ನೀವೇ ನಮ್ಮ ಏಂಜೆಲ್ ಇನ್ವೆಸ್ಟರ್" ಅಂದುಬಿಟ್ಟ. ಏಂಜೆಲ್! ಮದುವೆಯಾದಾಗಿನಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಆ ವರ್ಗಕ್ಕೆ ಸೇರಿಸಿರಲಿಲ್ಲ. ಮರುದಿನ ಎಫ್‌ಡಿ ಮುರಿದೆ. ಅದರ ಮರುದಿನ ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ಚಿನ್ನದ ಬಣ್ಣದ ಅಕ್ಷರ.

ದೊಡ್ಡ ಹೂಡಿಕೆದಾರರೊಬ್ಬರು ಎಚ್‌ಎಸ್‌ಆರ್ ಲೇಔಟಿನ ಕಾಫಿ ಅಂಗಡಿಯಲ್ಲಿ ಸಿಗುತ್ತಾರೆ ಅಂದ ಮಗ. ನಾನೂ ಹೊರಟೆ, ಸೊಸೆಯ ಕಡೆಯವರು ನಿಶ್ಚಿತಾರ್ಥದಲ್ಲಿ ಕೊಟ್ಟ ಕೋಟು ಹಾಕಿಕೊಂಡು. ಅಲ್ಲಿ ಕಾಫಿಗೆ ಹಾಕಿದ ರೇಟಿನಲ್ಲಿ ನಮ್ಮ ಮನೆಗೆ ಅರ್ಧ ಕೇಜಿ ಪುಡಿ ಬರುತ್ತದೆ. ಅದನ್ನು ಕುಡಿದು ಮುಗಿಸುವ ಹೊತ್ತಿಗೆ ಚಡ್ಡಿ, ಹವಾಯಿ ಚಪ್ಪಲಿ, ಮಾಸಲು ಟೀಶರ್ಟಿನ ಹುಡುಗನೊಬ್ಬ ಮೇಜಿನ ಬಳಿ ಬಂದು ನಿಂತ. ಖಾಲಿ ಲೋಟ ಅವನ ಕೈಗೆ ಕೊಟ್ಟು, "ಮೇಜು ಒರೆಸಿ ಇನ್ನೊಂದು ತಾರಪ್ಪಾ, ಸಕ್ಕರೆ ಕಡಿಮೆ" ಅಂದೆ. ಮಗನ ಮುಖ ಬಿಳಿಚಿಕೊಂಡಿತು. ಹುಡುಗ ಒಳ್ಳೆಯವನು, ಲೋಟ ಕೌಂಟರಿನ ಮೇಲಿಟ್ಟು ಬಂದು ನಮ್ಮೆದುರೇ ಕೂತ. ನೂರಾರು ಕೋಟಿಯ ಫಂಡು ನೋಡಿಕೊಳ್ಳುವವನಂತೆ. ಅವನು ಕೇಳಿದ ಮೊದಲ ಪ್ರಶ್ನೆ, "ಜನ ಪಕ್ಕದ ಮನೇಲೇ ಕೇಳಿ ತಗೊಳ್ಳಲ್ವಾ?" ನನಗೆ ಖುಷಿಯಾಗಿ, "ನಮ್ಮ ಮನೆಯವರೂ ಇದನ್ನೇ ಕೇಳಿದ್ದು!" ಅಂದೆ. ಹೊರಡುವಾಗ ಅವನು ನಮ್ಮವಳನ್ನು ಒಮ್ಮೆ ಭೇಟಿ ಮಾಡಬೇಕು ಅಂದ. ದುಡ್ಡಿನ ಮಾತು ಎತ್ತಲಿಲ್ಲ.

ಗಣೇಶನ ಹಬ್ಬದ ದಿನ ಆಪ್ ಬಿಡುಗಡೆ. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಒಟ್ಟಿಗೆ ಒಗ್ಗರಣೆ ಬಿತ್ತು, ಆಪ್ ನಿಂತುಹೋಯಿತು. ಮಗ ಮಾತ್ರ ಎದೆಗುಂದಲಿಲ್ಲ. 2014ರ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ಅಂತ ಮಾಡಿದಾಗ ಫ್ಲಿಪ್‌ಕಾರ್ಟೂ ಹೀಗೇ ಕುಸಿದಿತ್ತು, ಸಂಸ್ಥಾಪಕರೇ ಗಿರಾಕಿಗಳಿಗೆ ಕ್ಷಮೆ ಕೇಳಿ ಪತ್ರ ಬರೆದಿದ್ದರು ಅಂದ. ಅವನೂ ಪತ್ರ ಬರೆಯಲು ಕೂತ. ಡೆಲಿವರಿ ಹುಡುಗರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಉಳಿದವನು ಏಂಜೆಲ್ ಒಬ್ಬನೇ.

ಕಂಪನಿಯ ಹಸಿರು ಟೀಶರ್ಟು ಸ್ಮಾಲ್ ಸೈಜಿನದು ಮಾತ್ರ ಮಿಕ್ಕಿತ್ತು. ಅದರೊಳಗೆ ಉಸಿರು ಹಿಡಿದು, ಹಳೇ ಸ್ಕೂಟರಿನ ಹುಕ್ಕಿಗೆ ಕರಿಬೇವಿನ ಚೀಲ ಸಿಕ್ಕಿಸಿ ಹೊರಟೆ. ಹನುಮಂತನಗರದಲ್ಲಿ ಲಿಫ್ಟಿಲ್ಲದ ಮೂರನೇ ಮಹಡಿ. ಏದುಸಿರು ಬಿಡುತ್ತ ಬೆಲ್ ಮಾಡಿದರೆ ಬಾಗಿಲು ತೆರೆದವರು ನಮ್ಮ ಬ್ಯಾಂಕಿನ ಹಳೆಯ ಮ್ಯಾನೇಜರು. ನನ್ನನ್ನು ನೋಡಿದರು, ಟೀಶರ್ಟು ನೋಡಿದರು, ಕೈಯಲ್ಲಿದ್ದ ಎರಡೆಸಳು ಕರಿಬೇವು ನೋಡಿದರು. ಅವರ ಕಣ್ಣಂಚು ಒದ್ದೆಯಾಯಿತು.

"ಪೆನ್ಷನ್ ಸಾಲ್ತಾ ಇಲ್ವೇನ್ರೀ?"

"ಇಲ್ಲ ಸಾರ್, ನಾನು ಇನ್ವೆಸ್ಟರ್" ಅಂದೆ. ವಿಸಿಟಿಂಗ್ ಕಾರ್ಡಿಗೆ ತಡಕಾಡಿದೆ, ಟೀಶರ್ಟಿಗೆ ಜೇಬಿರಲಿಲ್ಲ. ಅವರು ಹೆಗಲು ತಟ್ಟಿ ಇಪ್ಪತ್ತು ರೂಪಾಯಿ ಕೈಗಿಟ್ಟು ಬಾಗಿಲು ಹಾಕಿಕೊಂಡರು. ಮೊದಲ ಆರ್ಡರ್ ಉಚಿತವಾದ್ದರಿಂದ ಆ ದಿನ ಕಂಪನಿಗೆ ಬಂದ ನಗದು ಅದೊಂದೇ. ಸಂಜೆಯಿಂದ ನಿವೃತ್ತರ ಸಂಘದವರ ಫೋನುಗಳು ಶುರುವಾದವು. ಸಂಕೋಚ ಪಡಬೇಡಿ, ಸಂಘದಲ್ಲಿ ಕಷ್ಟನಿಧಿ ಇದೆ ಅಂತ. ಎರಡು ಸ್ಟಾರ್ ಕೊಟ್ಟವರೂ ಆ ಮ್ಯಾನೇಜರೇ ಅಂತ ಆಮೇಲೆ ತಿಳಿಯಿತು: 'ಎಲೆ ಬಾಡಿತ್ತು, ತಂದವರೂ.'

ಕಂಪನಿಯನ್ನು ನಿಜವಾಗಿ ಮುಳುಗಿಸಿದ್ದು ಪಕ್ಕದ ಮನೆಯವರು. ಅವರ ಹಿತ್ತಿಲಲ್ಲಿ ಸೊಗಸಾದ ಗಿಡವಿದೆ. ತಮ್ಮ ಹೆಸರಲ್ಲಿ, ಹೆಂಡತಿ ಹೆಸರಲ್ಲಿ, ಇಬ್ಬರು ಮಕ್ಕಳ, ಅಮೆರಿಕದಲ್ಲಿರುವ ಅಳಿಯನ ಹೆಸರಲ್ಲಿ ಒಂದೊಂದು ಖಾತೆ ತೆರೆದು, ಉಚಿತ ಮೊದಲ ಆರ್ಡರ್ ಹಾಕುತ್ತಿದ್ದರು. ಆಪ್ ಲೆಕ್ಕದಲ್ಲಿ ಅತಿ ಹತ್ತಿರದ ಗಿಡ ಅವರದೇ. ನಾನು ಹೋಗಿ ಅವರ ಗಿಡದಿಂದ ಕಿತ್ತು, ಅವರಿಗೆ ಐದು ರೂಪಾಯಿ ಕೊಟ್ಟು, ಅದೇ ಎಲೆಯನ್ನು ಮುಂಬಾಗಿಲಿಗೆ ಸುತ್ತಿ ಬಂದು ಪುಕ್ಕಟೆ ತಲುಪಿಸುತ್ತಿದ್ದೆ. ಹಿತ್ತಿಲಲ್ಲಿ ಸಪ್ಲೈಯರ್ ಆಗಿ ನನಗೆ ಥ್ಯಾಂಕ್ಸ್ ಹೇಳಿ, ಓಡಿ ಬಂದು, ಮುಂಬಾಗಿಲಲ್ಲಿ ಗಿರಾಕಿಯಾಗಿ, "ಎರಡು ನಿಮಿಷ ಲೇಟು" ಅನ್ನುತ್ತಿದ್ದರು. ಮಗನ ಗ್ರಾಫಿನಲ್ಲಿ ಮಾತ್ರ ಗೆರೆ ಮೇಲಕ್ಕೇ ಹೋಗುತ್ತಿತ್ತು.

2022 ಬಂತು, ಎಲ್ಲೆಡೆ ಫಂಡಿಂಗ್ ವಿಂಟರ್ ಅಂದರು. ಮಗ ಅಂಗಡಿ ಮುಚ್ಚಿದ. ಅಯ್ಯೋ ಪಾಪ ಅನ್ನಬೇಡಿ. ಬಯೋಡೇಟಾದಲ್ಲಿ 'ಸಂಸ್ಥಾಪಕ' ಅಂತ ಬರೆದುಕೊಂಡ ಕೂಡಲೇ ಹಳೆಯದಕ್ಕಿಂತ ಹೆಚ್ಚು ಸಂಬಳದ ಕೆಲಸ ಸಿಕ್ಕಿತು. ಬೆಂಗಳೂರಿನಲ್ಲಿ ಮುಳುಗಿದ ಕಂಪನಿಗೆ ಅನುಭವ ಅಂತ ಹೆಸರು. ಅದರಲ್ಲಿ ಮುಳುಗಿದ ಅಪ್ಪನ ಎಫ್‌ಡಿಗೆ ಯಾವ ಹೆಸರೂ ಇಲ್ಲ. ನಾನು ಕಂಗೆಟ್ಟು ಕೂತಿದ್ದಾಗ ನಮ್ಮವಳು ಬೀರುವಿನಿಂದ ಇನ್ನೊಂದು ರಸೀದಿ ತೆಗೆದು ತೋರಿಸಿದಳು. ದೊಡ್ಡ ಎಫ್‌ಡಿ ಅವಳ ಹೆಸರಿನಲ್ಲಿ ಬೇರೆ ಬ್ಯಾಂಕಿನಲ್ಲಿದೆ. ನನ್ನ ಬ್ಯಾಂಕಿನಲ್ಲಿ ಇಟ್ಟರೆ ನನಗೆ ಗೊತ್ತಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದಳು. ಆ ಚಡ್ಡಿ ಹುಡುಗ ಇವಳನ್ನು ಭೇಟಿ ಮಾಡಬೇಕು ಅಂದದ್ದು ಸುಮ್ಮನೆ ಅಲ್ಲ. ಪಕ್ಕದ ಮನೆಯವರು ಈಗ ಗೋಡೆಯ ಮೇಲಿಂದ ದಿನಾ ಕರಿಬೇವು ಕೊಡುತ್ತಾರೆ, ಪುಕ್ಕಟೆ.

ಹೋದ ವಾರ ಭಾವಮೈದ ಬಂದಿದ್ದ. ಜಾತಕ ಹೊಂದಿಸುವ ಎಐ ಮಾಡುತ್ತಿದ್ದಾನಂತೆ, ಕುಜದೋಷ ಇದ್ದರೆ ಅದೇ ಪರಿಹಾರವನ್ನೂ ಹೇಳುತ್ತದಂತೆ. ನನಗೆ ಶೇಕಡಾ 10 ಪಾಲು ಕೊಡುತ್ತೇನೆ ಅಂದಿದ್ದಾನೆ, ಸಾಕ್ಷಾತ್ ರೊನಾಲ್ಡ್ ವೇಯ್ನ್ ಅವರಿಗೆ ಕೊಟ್ಟಷ್ಟೇ. ಈ ಸಲ ಹನ್ನೆರಡು ದಿನಕ್ಕೆಲ್ಲ ಹೊರಗೆ ಬರುವವನಲ್ಲ ನಾನು. ಕೊರತೆ ಇರುವುದು ಬಂಡವಾಳದ್ದು ಮಾತ್ರ. ಓದುಗ ಮಿತ್ರರಲ್ಲಿ ಯಾರಿಗಾದರೂ ಪಾಲು ಹಾಕುವ ಮನಸ್ಸಿದ್ದರೆ ದಯವಿಟ್ಟು ಮನೆಗೇ ಬನ್ನಿ, ಆದರೆ ಬೆಳಿಗ್ಗೆ ಹತ್ತರಿಂದ ಹನ್ನೊಂದರ ಒಳಗೆ ಬನ್ನಿ. ಆ ಹೊತ್ತಿನಲ್ಲಿ ನಮ್ಮವಳು ಗಾಂಧಿ ಬಜಾರಿಗೆ ತರಕಾರಿ ತರಲು ಹೋಗಿರುತ್ತಾಳೆ. ಕಾಫಿ ಮಾತ್ರ ಕುಡಿದುಕೊಂಡೇ ಬನ್ನಿ, ನನಗೆ ಮಾಡಲು ಬರುವುದಿಲ್ಲ.